ಥಿಯೋಲಾಜಿಕಲ್ ಕಾಲೇಜಿನ ಸಂಶೋಧನೆ ಮತ್ತು ಮಾರ್ಗದರ್ಶಕರ ಹೊಣೆ

ಕ್ರೈಸ್ತ ದೈವಶಾಸ್ತ್ರ ಕಲಿಸುವ ಥಿಯೋಲಾಜಿಕಲ್ ಕಾಲೇಜುಗಳ ಪರಿಚಯ ಪುಸ್ತಿಕೆಯಲ್ಲಿ ಬೋಧಕರ ಪಟ್ಟಿಗೆ ಕೆಲವು ಪುಟಗಳು ಮೀಸಲಾಗಿರುತ್ತವೆ. ಹೆಸರು, ಪದವಿ, ಪದವಿ ಪಡೆದ ವಿಶ್ವವಿದ್ಯಾಲಯ, ಕಲಿಸುವ ವಿಷಯ, ಪ್ರಕಟವಾದ ಪುಸ್ತಕಗಳು, ಕೊನೆಗೆ ಅವರು ಯಾವ ಸಭೆಯಲ್ಲಿ, ಅಂದರೆ ಯಾವ ಕ್ರೈಸ್ತ ಪಂಗಡದಲ್ಲಿ, ಪಾದ್ರಿಯಾಗಿ ದೀಕ್ಷೆ ಪಡೆದವರು ಎಂಬ ಒಂದು ಸಾಲು; ಇಷ್ಟರಲ್ಲಿ ಒಬ್ಬ ಬೋಧಕರ ಪರಿಚಯ ಮುಗಿಯುತ್ತದೆ. ಡಾಕ್ಟರೇಟ್‌ಗೆ ಸೇರಬೇಕೆಂದಿರುವವರು ಮೊದಲು ತೆರೆದು ನೋಡುವುದು ಈ ಪುಟಗಳನ್ನೇ, ಮತ್ತು ತಮ್ಮ ಬದುಕಿನ ಹಲವು ವರ್ಷಗಳನ್ನು ಯಾರ ಜೊತೆಗಿನ ಓದಿಗೆ ಕೊಡಬೇಕೆಂದು ಅವರು ನಿರ್ಧರಿಸುವುದೂ ಬಹುಮಟ್ಟಿಗೆ ಇವುಗಳ ಆಧಾರದ ಮೇಲೆಯೇ. ಬೈಬಲಿನ ಎರಡನೆಯ ಭಾಗವಾದ ಹೊಸ ಒಡಂಬಡಿಕೆಯನ್ನು ಕಲಿಸುತ್ತ, ಸಂಶೋಧಕರಿಗೆ ಮಾರ್ಗದರ್ಶನ ಮಾಡುತ್ತ ಬಂದಿರುವ ನನಗೆ ಆ ಪಟ್ಟಿ ಹೇಳದೆ ಬಿಡುವ ಸಂಗತಿಗಳೇ ಹೆಚ್ಚು ಮುಖ್ಯವೆನಿಸುತ್ತವೆ. ದೈವಶಾಸ್ತ್ರದಲ್ಲಿ ಮಾರ್ಗದರ್ಶಕರ ಕೆಲಸ ಉಳಿದ ಶಾಸ್ತ್ರಗಳಲ್ಲಿರುವಂತೆಯೇ ಇದ್ದರೂ ಒಂದು ವಿಷಯದಲ್ಲಿ ಬೇರೆಯಾಗಿದೆ: ಇಲ್ಲಿ ಬರುವ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ತಾವು ನಂಬಿ ಬದುಕುತ್ತಿರುವುದನ್ನೇ ಪ್ರಶ್ನೆಯಾಗಿ ಎದುರಿಗಿಟ್ಟುಕೊಳ್ಳುತ್ತಾರೆ. ಆ ಪ್ರಶ್ನೆಯ ಉತ್ತರ ಎಲ್ಲಿಗೆ ಹೋಗಿ ನಿಲ್ಲಬೇಕೆಂಬುದನ್ನು ಮಾರ್ಗದರ್ಶಕರು ಮೊದಲೇ ಗೊತ್ತುಮಾಡಿಬಿಡಬಾರದು. ಸಭೆಯ ಪರವಾಗಿಯೂ ಕೂಡದು, ಸಭೆಯ ವಿರುದ್ಧವಾಗಿಯೂ ಕೂಡದು.

ದೈವಶಾಸ್ತ್ರಕ್ಕೆ ಉನ್ನತ ವಿದ್ಯೆಯಲ್ಲಿ ಜಾಗವುಂಟೇ ಎಂಬ ತಕರಾರು ಹಳೆಯದು. 1810ರಲ್ಲಿ ಬರ್ಲಿನ್ ವಿಶ್ವವಿದ್ಯಾಲಯ ಪಾಠಗಳನ್ನು ಆರಂಭಿಸುವುದಕ್ಕೆ ಮೊದಲು ಅದರ ಸ್ವರೂಪದ ಬಗ್ಗೆ ಚರ್ಚೆ ನಡೆಯುತ್ತಿದ್ದಾಗ, ದೈವೀ ರಹಸ್ಯದ ಹೆಸರಿನಲ್ಲಿ ವಿಚಾರಣೆಯಿಂದ ಹೊರಗುಳಿಯುವ ಯಾವ ವಿದ್ಯೆಗೂ ಅಲ್ಲಿ ಎಡೆಯಿರಬಾರದೆಂದು ದಾರ್ಶನಿಕ ಫಿಖ್ಟೆ ವಾದಿಸಿದ್ದರು. ದೈವಶಾಸ್ತ್ರಜ್ಞ ಫ್ರೀಡ್ರಿಖ್ ಶ್ಲೈಯರ್‌ಮಾಖರ್ ಅದಕ್ಕೆ ಬೇರೊಂದು ದಾರಿ ತೋರಿಸಿದರು. ವೈದ್ಯಶಾಸ್ತ್ರ ಮತ್ತು ನ್ಯಾಯಶಾಸ್ತ್ರಗಳು ಸಮಾಜಕ್ಕೆ ಬೇಕಾದ ಒಂದೊಂದು ಕಾರ್ಯದ ಸಲುವಾಗಿ ಹಲವು ಜ್ಞಾನಶಾಖೆಗಳನ್ನು ಒಟ್ಟುಗೂಡಿಸುತ್ತವೆ. ದೈವಶಾಸ್ತ್ರವೂ ಸಭೆಯನ್ನು ಮುನ್ನಡೆಸುವ ಕಾರ್ಯಕ್ಕಾಗಿ ಹಾಗೆಯೇ ಭಾಷೆ, ಚರಿತ್ರೆ, ತತ್ತ್ವವಿಚಾರಗಳನ್ನು ಒಂದೆಡೆ ತರುತ್ತದೆ ಎಂಬುದು ಅವರ ನಿಲುವು. 1811ರಲ್ಲಿ ಪ್ರಕಟಿಸಿದ ಒಂದು ಕಿರುಹೊತ್ತಗೆಯಲ್ಲಿ ಅವರು ಈ ಅಧ್ಯಯನವನ್ನು ತಾತ್ವಿಕ, ಚಾರಿತ್ರಿಕ, ಪ್ರಾಯೋಗಿಕ ಎಂದು ಮೂರಾಗಿ ವಿಂಗಡಿಸಿದರು. ಇಂದಿನ ಥಿಯೋಲಾಜಿಕಲ್ ಕಾಲೇಜುಗಳ ವಿಭಾಗಗಳು, ಅಂದರೆ ಹಳೆಯ ಒಡಂಬಡಿಕೆ, ಹೊಸ ಒಡಂಬಡಿಕೆ, ಸಭಾ ಚರಿತ್ರೆ, ಕ್ರೈಸ್ತ ಸಿದ್ಧಾಂತ, ನೀತಿಶಾಸ್ತ್ರ, ಧರ್ಮಗಳ ಅಧ್ಯಯನ, ಸಭಾಪಾಲನೆ ಎಂಬವು, ಆ ವಿಂಗಡಣೆಗೆ ಬಹಳ ಋಣಿಯಾಗಿವೆ. ಸಭೆಗೆ ಉಪಯೋಗವಾಗಬೇಕು ಮತ್ತು ವಿಚಾರಣೆಗೆ ತೆರೆದಿರಬೇಕು ಎಂಬ ಎರಡು ಬೇಡಿಕೆಗಳನ್ನು ಒಂದೇ ಮನೆಯಲ್ಲಿ ಇರಿಸಿದ್ದು ಶ್ಲೈಯರ್‌ಮಾಖರ್ ಅವರ ದೊಡ್ಡ ಸಾಧನೆ. ಆ ಎರಡೂ ಬೇಡಿಕೆಗಳು ಒಟ್ಟಿಗೆ ಬಂದು ಮುಟ್ಟುವ ಸ್ಥಳ ಮಾರ್ಗದರ್ಶಕರ ಕೊಠಡಿ.

ಕಾಲೇಜುಗಳ ಗಾತ್ರದ ಬಗ್ಗೆಯೂ ಹೇಳಬೇಕು. ವಿಶ್ವವಿದ್ಯಾಲಯದ ದೊಡ್ಡ ವಿಭಾಗದಲ್ಲಿ ಯೇಸುವಿನ ಅಪೊಸ್ತಲನಾದ ಪೌಲನ ಪತ್ರಗಳಿಗೆ ಒಬ್ಬರು, ಯೇಸುವಿನ ಬದುಕನ್ನು ಹೇಳುವ ಸುವಾರ್ತೆಗಳಿಗೆ ಒಬ್ಬರು, ಪ್ರಾಚೀನ ಯೆಹೂದ್ಯ ಸಾಹಿತ್ಯಕ್ಕೆ ಮತ್ತೊಬ್ಬರು ಇರಬಹುದು. ಸಭೆಗಳು ನಡೆಸುವ ಕಾಲೇಜಿನಲ್ಲಿ ಸಾಮಾನ್ಯವಾಗಿ ಒಂದು ವಿಷಯಕ್ಕೆ ಒಬ್ಬರು ಅಥವಾ ಇಬ್ಬರು ಇರುತ್ತಾರೆ. ಅವರೇ ಪದವಿ ತರಗತಿಗೆ ಗ್ರೀಕ್ ವ್ಯಾಕರಣ ಹೇಳಿಕೊಡಬೇಕು, ಸ್ನಾತಕೋತ್ತರ ತರಗತಿಯ ಸೆಮಿನಾರ್ ನಡೆಸಬೇಕು, ಚಾಪೆಲ್‌ನಲ್ಲಿ ಸರದಿಯಂತೆ ಪ್ರಸಂಗ, ಅಂದರೆ ಧರ್ಮೋಪದೇಶ, ಮಾಡಬೇಕು, ವಿದ್ಯಾರ್ಥಿನಿಲಯದ ಹೊಣೆಯನ್ನೋ ಪರೀಕ್ಷಾ ವಿಭಾಗದ ಹೊಣೆಯನ್ನೋ ಹೊರಬೇಕು, ಭಾನುವಾರ ಸುತ್ತಮುತ್ತಲ ಸಭೆಗಳಿಗೆ ಹೋಗಬೇಕು. ಇದೆಲ್ಲದರ ಜೊತೆಗೆ ಸಂಶೋಧಕರ ಅಧ್ಯಾಯಗಳು ಮೇಜಿಗೆ ಬರುತ್ತವೆ. ಕೆಲಸದ ಹಂಚಿಕೆಯ ಪಟ್ಟಿಯಲ್ಲಿ ತರಗತಿಯ ಗಂಟೆಗಳಿಗೆ ಲೆಕ್ಕವಿರುತ್ತದೆ. ಅರವತ್ತು ಪುಟಗಳ ಒಂದು ಅಧ್ಯಾಯವನ್ನು ಎರಡು ಸಲ ಓದಿ, ಅಡಿಟಿಪ್ಪಣಿಗಳಲ್ಲಿ ಕೆಲವನ್ನಾದರೂ ಮೂಲಕ್ಕೆ ಹೋಗಿ ಪರಿಶೀಲಿಸಿ, ವಾದ ಎಲ್ಲಿ ಜಾರಿತೆಂದು ಬರೆದುಕೊಡುವುದಕ್ಕೆ ಹಿಡಿಯುವ ದಿನಗಳಿಗೆ ಬಹಳ ಕಡೆ ಲೆಕ್ಕವೇ ಇರುವುದಿಲ್ಲ. ಲೆಕ್ಕಕ್ಕೆ ಸಿಗದ ಕೆಲಸವೇ ಮೊದಲು ಮುಂದೂಡಲ್ಪಡುತ್ತದೆ. ಅಧ್ಯಾಯ ಕೊಟ್ಟು ತಿಂಗಳುಗಟ್ಟಲೆ ಕಾದ ವಿದ್ಯಾರ್ಥಿಯ ಬಗ್ಗೆ ಯೋಚಿಸುವಾಗ ಅಲ್ಲಿರುವುದು ಬೋಧಕರ ಅಸಡ್ಡೆಯೇ ಎಂದು ತೀರ್ಮಾನಿಸುವ ಮೊದಲು ಆ ಕಾಲೇಜು ಮಾರ್ಗದರ್ಶನವನ್ನು ಕೆಲಸವೆಂದು ಎಣಿಸುತ್ತದೆಯೇ ಎಂದು ನೋಡಬೇಕು. ತರಗತಿಯ ಗಂಟೆಗಳಷ್ಟೇ ಗಟ್ಟಿಯಾಗಿ ಅದನ್ನು ಎಣಿಸಲೇಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಎಣಿಸಲಾಗದಿದ್ದರೆ ಆ ಕಾಲೇಜು ಸಂಶೋಧನಾ ವಿದ್ಯಾರ್ಥಿಗಳನ್ನು ಕಡಿಮೆ ಸಂಖ್ಯೆಯಲ್ಲಿ ಸೇರಿಸಿಕೊಳ್ಳಬೇಕು.

ಬೋಧಕರು ಕಡಿಮೆಯಿರುವುದರಿಂದ ಇನ್ನೊಂದು ತೊಡಕು ಬರುತ್ತದೆ. ಹಳೆಯ ಒಡಂಬಡಿಕೆಯಲ್ಲಿ ಯೆಶಾಯನ ಗ್ರಂಥದ ಮೇಲೆ ಮಹಾಪ್ರಬಂಧ ಬರೆದವರು ಯೋಬನ ಗ್ರಂಥದ ಮೇಲೆ ಕೆಲಸ ಮಾಡುವವರಿಗೆ ಗೈಡ್ ಆಗುವುದು ಸಾಧ್ಯ, ಹೀಬ್ರೂ ಭಾಷೆಯೂ ವಿಮರ್ಶೆಯ ವಿಧಾನಗಳೂ ಎರಡಕ್ಕೂ ಸಾಮಾನ್ಯ. ಆದರೆ ಕ್ರೈಸ್ತ ಸಿದ್ಧಾಂತ ಕಲಿಸುವವರು, ಹೆಸರಿಗೆ ದೈವಶಾಸ್ತ್ರವೇ ಆದರೂ, ಸಿರಿಯಕ್ ಎಂಬ ಪ್ರಾಚೀನ ಭಾಷೆಯ ಹಸ್ತಪ್ರತಿಗಳ ಅಧ್ಯಯನಕ್ಕೆ ಮಾರ್ಗದರ್ಶಕರಾಗಬಾರದು. ತಾವೇ ಓದಲಾಗದ ಮೂಲವನ್ನು ವಿದ್ಯಾರ್ಥಿ ಸರಿಯಾಗಿ ಓದಿದ್ದಾರೆಯೇ ಎಂದು ಅವರು ಹೇಳಲಾರರು. ಇದು ನನ್ನ ಕ್ಷೇತ್ರವಲ್ಲ, ಇಂಥವರಲ್ಲಿಗೆ ಹೋಗಿ ಎಂದು ಮೊದಲ ಭೇಟಿಯಲ್ಲೇ ಹೇಳುವ ಬೋಧಕರು ವಿದ್ಯಾರ್ಥಿಗೆ ಮಾಡುವ ಉಪಕಾರ ಸಣ್ಣದಲ್ಲ. ಇಂಥ ಸಂದರ್ಭಗಳಿಗೆಂದೇ ಬೇರೆ ಸಂಸ್ಥೆಯ ಒಬ್ಬರನ್ನು ಸಹಮಾರ್ಗದರ್ಶಕರಾಗಿ ಸೇರಿಸಿಕೊಳ್ಳುವ ಪದ್ಧತಿ ಇದೆ, ಅದನ್ನು ಕಾಲೇಜಿನ ಪ್ರತಿಷ್ಠೆಗೆ ಕುಂದೆಂದು ಭಾವಿಸದೆ ಧಾರಾಳವಾಗಿ ಬಳಸಬೇಕು. ಭಾಷೆಗಳ ವಿಷಯದಲ್ಲಂತೂ ನಾನು ರಾಜಿಗೆ ಸಿದ್ಧನಿಲ್ಲ. ಮೂಲಗ್ರಂಥದ ಮೇಲೆ ವಾದ ಕಟ್ಟುವವರು ಆ ಗ್ರಂಥದ ಭಾಷೆಯನ್ನು ಕಲಿತೇ ತೀರಬೇಕು. ಒಂದು ವರ್ಷ ಹೆಚ್ಚು ಹಿಡಿದರೆ ಹಿಡಿಯಲಿ.

ಉತ್ತರವನ್ನು ಮಾರ್ಗದರ್ಶಕರು ಮೊದಲೇ ಗೊತ್ತುಮಾಡಬಾರದೆಂದು ಆರಂಭದಲ್ಲಿ ಹೇಳಿದ ಮಾತಿಗೆ ಈಗ ಬರುತ್ತೇನೆ. ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 14ನೇ ಅಧ್ಯಾಯದ 34 ಮತ್ತು 35ನೇ ವಚನಗಳು ಹೆಂಗಸರು ಸಭೆಯಲ್ಲಿ ಮೌನವಾಗಿರಬೇಕೆಂದು ಹೇಳುತ್ತವೆ. ಮಹಿಳೆಯರಿಗೆ ಸಭಾಪಾಲನೆಯ ದೀಕ್ಷೆ ಕೊಡದ ಸಭೆಗಳು ಮುಂದಿಡುವ ಮುಖ್ಯ ವಚನಗಳಲ್ಲಿ ಇವೂ ಸೇರಿವೆ. ಅಂಥ ಸಭೆಯೊಂದರಲ್ಲಿ ಬೆಳೆದ ಯುವತಿ ಈ ವಚನಗಳನ್ನೇ ಸಂಶೋಧನೆಗೆ ಆರಿಸಿಕೊಂಡು ಬಂದರೆಂದು ಭಾವಿಸೋಣ. ಸಾಮಗ್ರಿ ಬಹಳ ಸ್ವಾರಸ್ಯಕರವಾಗಿದೆ. ಹೆಚ್ಚಿನ ಹಸ್ತಪ್ರತಿಗಳಲ್ಲಿ ಈ ವಚನಗಳು 33ನೇ ವಚನದ ನಂತರ ಬರುತ್ತವೆ. ಕ್ಲಾರೊಮೊಂಟಾನಸ್ ಎಂದು ಕರೆಯುವ ಆರನೇ ಶತಮಾನದ ಹಸ್ತಪ್ರತಿಯೂ ಸೇರಿದಂತೆ ಪಾಶ್ಚಾತ್ಯ ಪರಂಪರೆಯ ಕೆಲವು ಪ್ರತಿಗಳಲ್ಲಿ 40ನೇ ವಚನದ ನಂತರ ಬರುತ್ತವೆ. ಅದೇ ಪತ್ರದ 11ನೇ ಅಧ್ಯಾಯದ 5ನೇ ವಚನ ಹೆಂಗಸರು ಸಭೆಯಲ್ಲಿ ಪ್ರಾರ್ಥನೆ ಮಾಡುವುದನ್ನೂ ಪ್ರವಾದಿಸುವುದನ್ನೂ (ದೇವರ ಮಾತನ್ನು ನುಡಿಯುವುದನ್ನೂ) ನಡೆಯುತ್ತಿರುವ ಸಂಗತಿಯೆಂದೇ ಇಟ್ಟುಕೊಂಡು ಮಾತಾಡುತ್ತದೆ. ಇವನ್ನು ಆಧಾರವಾಗಿಟ್ಟುಕೊಂಡು, ಆ ಎರಡು ವಚನಗಳು ಪೌಲನವಲ್ಲ, ಅಂಚಿನಲ್ಲಿ ಯಾರೋ ಬರೆದದ್ದು ಆಮೇಲೆ ಪಠ್ಯದೊಳಗೆ ಸೇರಿತು ಎಂದು ಹೊಸ ಒಡಂಬಡಿಕೆಯ ವಿದ್ವಾಂಸ ಗಾರ್ಡನ್ ಫೀ 1987ರ ತಮ್ಮ ವ್ಯಾಖ್ಯಾನದಲ್ಲಿ ವಾದಿಸಿದರು. ಫೀ ಬೈಬಲಿನ ಅಧಿಕಾರವನ್ನು ದೃಢವಾಗಿ ನಂಬುವ ಪೆಂಟಕೋಸ್ಟ್ ಸಭೆಯ ದೀಕ್ಷೆ ಪಡೆದವರು ಎಂಬುದನ್ನು ಇಲ್ಲಿ ನೆನೆಯಬೇಕು. ಇನ್ನೊಂದು ಕಡೆ, ಈ ವಚನಗಳೇ ಇಲ್ಲದ ಹಸ್ತಪ್ರತಿ ಒಂದೂ ನಮ್ಮ ಕೈಗೆ ಸಿಕ್ಕಿಲ್ಲ. ಕ್ರಿಸ್ತಶಕ ಸುಮಾರು 200ರದೆಂದು ಎಣಿಸಲಾಗುವ, ಪೌಲನ ಪತ್ರಗಳ ಬಹಳ ಹಳೆಯ ಪ್ರತಿಯಾದ ಪಪೈರಸ್ 46ರಲ್ಲಿಯೂ ಇವು 33ರ ನಂತರವೇ ಇವೆ.

ಮಾರ್ಗದರ್ಶಕರ ಪರೀಕ್ಷೆ ಇಲ್ಲಿ ನಡೆಯುತ್ತದೆ. ಫೀ ಅವರ ವಾದ ತನಗೆ ಬಿಡುಗಡೆ ಕೊಡುತ್ತದೆಂಬ ಕಾರಣಕ್ಕೆ ಆಕೆ ಅದನ್ನು ಒಪ್ಪಿಕೊಂಡರೆ, ಆ ಬಿಡುಗಡೆಯ ಬಗ್ಗೆ ಮಾರ್ಗದರ್ಶಕರಿಗೆ ಎಷ್ಟೇ ಸಹಾನುಭೂತಿಯಿದ್ದರೂ, ಪಪೈರಸ್ 46ಕ್ಕೆ ನಿಮ್ಮ ಉತ್ತರವೇನು ಎಂದು ಕೇಳಬೇಕು. ಸಭೆಗೆ ಹಿಂತಿರುಗಿದಾಗ ತೊಂದರೆಯಾದೀತೆಂದು ಹೆದರಿ ಆಕೆ ಈ ವಚನಗಳನ್ನು 40ನೇ ವಚನದ ನಂತರ ಇಡುವ ಪ್ರತಿಗಳ ಸಾಕ್ಷ್ಯವನ್ನು ಒಂದು ಅಡಿಟಿಪ್ಪಣಿಗೆ ಇಳಿಸಿದರೆ, ಅದನ್ನು ಮೇಲೆ ತಂದು ವಾದದ ನಡುವೆ ಇಡಿ ಎಂದು ಹೇಳಬೇಕು. ಎರಡೂ ಸಲ ಮಾರ್ಗದರ್ಶಕರು ಮಾಡುವ ಕೆಲಸ ಒಂದೇ, ಸಾಕ್ಷ್ಯವನ್ನು ಅದರ ಪೂರ್ಣ ತೂಕದೊಂದಿಗೆ ಎದುರಿಸುವಂತೆ ಮಾಡುವುದು. ವಿದ್ಯಾರ್ಥಿಯ ನಂಬಿಕೆಯನ್ನು ಕಾಪಾಡುತ್ತೇನೆಂದು ಕಠಿಣ ಪ್ರಶ್ನೆಗಳನ್ನು ತಪ್ಪಿಸುವವರನ್ನೂ ನೋಡಿದ್ದೇನೆ, ಎಳೆಯ ನಂಬಿಕೆಯನ್ನು ಕೆಡವುವುದೇ ಪಾಂಡಿತ್ಯದ ಗುರುತೆಂದು ತಿಳಿದವರನ್ನೂ ನೋಡಿದ್ದೇನೆ. ಇಬ್ಬರೂ ವಿದ್ಯಾರ್ಥಿಯ ಪ್ರಶ್ನೆಯನ್ನು ತಮ್ಮ ಕೈಗೆ ತೆಗೆದುಕೊಂಡಿರುತ್ತಾರೆ. ಇಂಥ ಪ್ರಶ್ನೆಗಳೊಂದಿಗೆ ವರ್ಷಗಟ್ಟಲೆ ಬದುಕುವವರು ಪ್ರಾರ್ಥಿಸಲಾಗದ ದಿನಗಳನ್ನೂ ಕಾಣುತ್ತಾರೆ, ಮತ್ತು ಅದನ್ನು ಹೇಳಿಕೊಳ್ಳಲು ಅವರಿಗೆ ಯಾರಾದರೂ ಬೇಕು. ಹಾಗೆ ಹೇಳಿಕೊಂಡದ್ದನ್ನು ಮೌಲ್ಯಮಾಪನದ ಕಡತಕ್ಕೆ ತಾರದೆ ತನ್ನಲ್ಲೇ ಇಟ್ಟುಕೊಳ್ಳುವ ಶಿಸ್ತು ಮಾರ್ಗದರ್ಶಕರಿಗೆ ಇರಬೇಕು.

ಶಿಷ್ಯರ ಭಿನ್ನಮತವನ್ನು ತಾಳಿಕೊಳ್ಳುವುದರಲ್ಲಿ ನಮಗೆ ದೊಡ್ಡ ನಿದರ್ಶನಗಳಿವೆ. ಎರ್ನ್‌ಸ್ಟ್ ಕೇಸೆಮನ್ ಮಾರ್‌ಬುರ್ಗ್‌ನಲ್ಲಿ ಜರ್ಮನ್ ದೈವಶಾಸ್ತ್ರಜ್ಞ ರುಡಾಲ್ಫ್ ಬುಲ್ಟ್‌ಮನ್ ಅವರ ಕೈಕೆಳಗೆ ಡಾಕ್ಟರೇಟ್ ಮಾಡಿದವರು. ಯೇಸುವಿನ ಚಾರಿತ್ರಿಕ ಬದುಕಿನ ಬಗ್ಗೆ ನಾವು ತಿಳಿಯಬಲ್ಲದ್ದು ಕಡಿಮೆ, ಕ್ರೈಸ್ತ ವಿಶ್ವಾಸ ಆ ತಿಳಿವಳಿಕೆಯ ಮೇಲೆ ನಿಂತೂ ಇಲ್ಲ ಎಂಬುದು ಬುಲ್ಟ್‌ಮನ್ ಅವರ ನಿಲುವಾಗಿತ್ತು. 1953ರಲ್ಲಿ ಮಾರ್‌ಬುರ್ಗ್‌ನ ಹಳೆಯ ವಿದ್ಯಾರ್ಥಿಗಳ ಕೂಟದಲ್ಲಿಯೇ ಕೇಸೆಮನ್ ಎದ್ದುನಿಂತು, ಸುವಾರ್ತೆಗಳು ಸಾರುವ ಕ್ರಿಸ್ತನಿಗೂ ಭೂಮಿಯ ಮೇಲೆ ಬದುಕಿದ ಯೇಸುವಿಗೂ ಇರುವ ನಂಟನ್ನು ಕೈಬಿಟ್ಟರೆ ಸಭೆಯ ಕ್ರಿಸ್ತ ಬರಿಯ ಪುರಾಣದ ವ್ಯಕ್ತಿಯಾಗಿಬಿಡುವ ಅಪಾಯವಿದೆ ಎಂಬರ್ಥದ ಉಪನ್ಯಾಸ ಮಾಡಿದರು. ಚಾರಿತ್ರಿಕ ಯೇಸುವಿನ ಅಧ್ಯಯನದ ಹೊಸ ಘಟ್ಟವೊಂದು ಆ ಉಪನ್ಯಾಸದಿಂದ ಆರಂಭವಾಯಿತೆಂದು ಗುರುತಿಸುತ್ತಾರೆ. ಬುಲ್ಟ್‌ಮನ್ ಕೆಲವು ವರ್ಷಗಳ ನಂತರ ಬರಹದಲ್ಲಿ ಉತ್ತರಿಸಿದರು, ತಮ್ಮ ನಿಲುವನ್ನು ಬಿಟ್ಟುಕೊಡಲಿಲ್ಲ. ಗುರುವಿನ ವಿಧಾನದಲ್ಲಿ ಪಳಗಿದವರೇ ಆ ವಿಧಾನದಿಂದ ಗುರುವಿನ ತೀರ್ಮಾನವನ್ನು ಅಲ್ಲಗಳೆದ ಈ ಘಟನೆ ಮಾರ್ಗದರ್ಶನದ ಯಶಸ್ಸೆಂದೇ ನಾನು ತಿಳಿಯುತ್ತೇನೆ. ಜರ್ಮನ್ ದೈವಶಾಸ್ತ್ರಜ್ಞ ಡೀಟ್ರಿಖ್ ಬೋನ್‌ಹಾಫರ್ 1927ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ, ಸಭೆಯೆಂಬ ಸಮುದಾಯದ ಸ್ವರೂಪದ ಮೇಲಿನ ತಮ್ಮ ಮಹಾಪ್ರಬಂಧವನ್ನು ಬರ್ಲಿನ್‌ನಲ್ಲಿ ಸಲ್ಲಿಸಿದಾಗ ಅವರ ಮಾರ್ಗದರ್ಶಕರಾಗಿದ್ದ ರೈನ್‌ಹೋಲ್ಡ್ ಸೀಬರ್ಗ್ ಬೇರೆಯೇ ಒಂದು ಚಿಂತನಾ ಪರಂಪರೆಯವರು. ಬೋನ್‌ಹಾಫರ್ ಆ ಹೊತ್ತಿಗಾಗಲೇ ಸ್ವಿಸ್ ದೈವಶಾಸ್ತ್ರಜ್ಞ ಕಾರ್ಲ್ ಬಾರ್ತ್ ಅವರತ್ತ ಒಲಿದಿದ್ದರು. ಆ ಬಾರ್ತ್ ಸ್ವತಃ ಡಾಕ್ಟರೇಟ್ ಮಾಡಿರಲಿಲ್ಲ. ಸಾಫೆನ್‌ವಿಲ್ ಎಂಬ ಊರಿನಲ್ಲಿ ಹತ್ತು ವರ್ಷ ಸಭಾಪಾಲಕರಾಗಿದ್ದು, ಪೌಲನು ರೋಮಾಪುರದವರಿಗೆ ಬರೆದ ಪತ್ರದ ಮೇಲಿನ ವ್ಯಾಖ್ಯಾನದ ಬಲದಿಂದಲೇ 1921ರಲ್ಲಿ ಗಟ್ಟಿಂಗೆನ್‌ನ ಪ್ರಾಧ್ಯಾಪಕ ಪೀಠಕ್ಕೆ ಬಂದವರು. ಬೋಧಕರ ಅರ್ಹತೆಯನ್ನು ಪದವಿಯಿಂದಷ್ಟೇ ಅಳೆಯುವ ಇಂದಿನ ನಿಯಮಗಳಿಗೆ ಕಾರಣಗಳಿವೆ, ನಾನು ಅವುಗಳ ವಿರೋಧಿಯಲ್ಲ, ಆದರೂ ಆ ನಿಯಮಗಳಡಿ ಬಾರ್ತ್ ಅವರಿಗೆ ಸಂಶೋಧನಾ ವಿದ್ಯಾರ್ಥಿಗಳು ಸಿಗುತ್ತಿರಲಿಲ್ಲ ಎಂಬುದು ನೆನಪಿರಬೇಕು.

ಥಿಯೋಲಾಜಿಕಲ್ ಕಾಲೇಜಿನ ಬೋಧಕರು ಇಬ್ಬರಿಗೆ ಉತ್ತರ ಹೇಳಬೇಕು. ಕಾಲೇಜನ್ನು ನಡೆಸುವುದು ಸಭೆ ಅಥವಾ ಹಲವು ಸಭೆಗಳ ಒಕ್ಕೂಟ. ಪದವಿ ಕೊಡುವುದು ಬಹಳ ಕಡೆ ಬೇರೊಂದು ಸಂಸ್ಥೆ. ಡೆನ್ಮಾರ್ಕಿನ ಅರಸ 1827ರಲ್ಲಿ ಕೊಟ್ಟ ಸನ್ನದಿನಿಂದ ಪದವಿ ನೀಡುವ ಅಧಿಕಾರವನ್ನು ಸ್ವತಃ ಪಡೆದ, ಆಗ ಡೆನ್ಮಾರ್ಕಿನ ಆಳ್ವಿಕೆಯಲ್ಲಿದ್ದ ಬಂಗಾಳದ ಸೆರಾಂಪುರದ ಕಾಲೇಜಿನಂಥವು ಅಪರೂಪ. ಇಂಗ್ಲೆಂಡ್‌ನಲ್ಲಿ ಆಂಗ್ಲಿಕನ್ ಸಭೆಯ ತರಬೇತಿ ಸಂಸ್ಥೆಗಳು 2014ರಿಂದ ಡರ್ಹಮ್ ವಿಶ್ವವಿದ್ಯಾಲಯದ ಜೊತೆಗಿನ ಒಂದು ಸಾಮಾನ್ಯ ವ್ಯವಸ್ಥೆಯ ಮೂಲಕ ಪದವಿಗಳನ್ನು ಕೊಡಿಸುತ್ತಿವೆ. ಕಥೋಲಿಕ ಸಭೆಯಲ್ಲಿ ನಿಯಮ ಇನ್ನೂ ಸ್ಪಷ್ಟ: 1983ರ ಧರ್ಮಸಭಾ ನಿಯಮ ಸಂಹಿತೆಯ 812ನೇ ನಿಯಮದಂತೆ ಉನ್ನತ ವಿದ್ಯಾಸಂಸ್ಥೆಗಳಲ್ಲಿ ದೈವಶಾಸ್ತ್ರ ಕಲಿಸುವವರು ಸಭಾಧಿಕಾರಿಯ ಅನುಮತಿ ಪಡೆದಿರಬೇಕು. ಆ ಸಂಹಿತೆಗೂ ಮೊದಲೇ, 1979ರ ಡಿಸೆಂಬರ್‌ನಲ್ಲಿ, ಟ್ಯೂಬಿಂಗೆನ್‌ನ ಹಾನ್ಸ್ ಕ್ಯುಂಗ್ ಅವರಿಂದ ಕಥೋಲಿಕ ದೈವಶಾಸ್ತ್ರಜ್ಞರಾಗಿ ಬೋಧಿಸುವ ಅನುಮತಿಯನ್ನು ಹಿಂತೆಗೆದುಕೊಳ್ಳಲಾಯಿತು. ಅವರು ವಿಶ್ವವಿದ್ಯಾಲಯದಲ್ಲೇ ಉಳಿದರು, ಆದರೆ ಕಥೋಲಿಕ ವಿಭಾಗದಿಂದ ಹೊರಗೆ. ಸಭೆಗೆ ತನ್ನ ಹೆಸರಿನಲ್ಲಿ ಕಲಿಸುವವರು ಯಾರೆಂದು ಹೇಳುವ ಹಕ್ಕಿದೆಯೆಂದು ನಾನೂ ಒಪ್ಪುತ್ತೇನೆ. ನನ್ನ ಆಗ್ರಹ ಬೇರೆ: ಬೋಧಕರೊಬ್ಬರನ್ನು ತೆಗೆದುಹಾಕುವ ಅಥವಾ ಅವರಿಗೆ ಮಿತಿ ಹಾಕುವ ತೀರ್ಮಾನವನ್ನು ಕಾಲೇಜಿನ ಆಡಳಿತ ಮಂಡಲಿ ಕೈಗೊಳ್ಳುವಾಗ, ಅವರ ಬಳಿ ಅರ್ಧ ದಾರಿಯಲ್ಲಿರುವ ಸಂಶೋಧಕರ ಗತಿಯೇನೆಂಬುದನ್ನು ಮಂಡಲಿಯ ಅದೇ ನಡಾವಳಿಯಲ್ಲಿ ಬರೆದಿಡಬೇಕು. ಮಾರ್ಗದರ್ಶಕರು ನಿವೃತ್ತರಾದಾಗ, ಬೇರೆ ಸಭಾಕಾರ್ಯಕ್ಕೆ ವರ್ಗವಾದಾಗ, ಬಿಷಪ್ ಆಗಿ ಆಯ್ಕೆಯಾದಾಗಲೂ ಇದೇ ಪ್ರಶ್ನೆ ಏಳುತ್ತದೆ. ನಾಲ್ಕು ವರ್ಷ ಒಂದು ವಿಧಾನದಲ್ಲಿ ಬರೆದವರನ್ನು ಇನ್ನೊಬ್ಬರಿಗೆ ಒಪ್ಪಿಸಿ, ಆ ಇನ್ನೊಬ್ಬರು ಮೊದಲನೆಯ ಅಧ್ಯಾಯದಿಂದ ಮತ್ತೆ ಬರೆಯಿರಿ ಎಂದು ಹೇಳುವ ಪರಿಸ್ಥಿತಿ ಬರಬಾರದು.

ಅಧಿಕಾರದ ಇನ್ನೊಂದು ಗಂಟು ಕಾಲೇಜಿನ ಒಳಗೇ ಇದೆ. ಸಂಶೋಧನಾ ವಿದ್ಯಾರ್ಥಿ ದೀಕ್ಷೆಗೆ ಅಭ್ಯರ್ಥಿಯೂ ಆಗಿರಬಹುದು, ಅವರ ಯೋಗ್ಯತೆಯ ಬಗ್ಗೆ ಬಿಷಪ್‌ಗೆ ವರದಿ ಬರೆಯುವವರು ಅದೇ ಮಾರ್ಗದರ್ಶಕರೂ ಆಗಿರಬಹುದು. ಆಗ ವಿದ್ಯಾರ್ಥಿ ತನ್ನ ಅಧ್ಯಾಯದಲ್ಲಿ ನಿಜವಾಗಿ ಕಂಡುಕೊಂಡದ್ದನ್ನು ಬರೆಯುತ್ತಿದ್ದಾರೋ ವರದಿಗೆ ಒಪ್ಪುವುದನ್ನು ಬರೆಯುತ್ತಿದ್ದಾರೋ ಎಂದು ತಿಳಿಯುವ ಬಗೆಯಿಲ್ಲ. ಈ ಎರಡು ಹೊಣೆಗಳನ್ನು ಬೇರೆ ಬೇರೆ ಬೋಧಕರಿಗೆ ವಹಿಸಬೇಕು, ಎಷ್ಟೇ ಚಿಕ್ಕ ಕಾಲೇಜಾದರೂ ಇದು ಸಾಧ್ಯ.

ವಿಷಯದ ಆಯ್ಕೆಯಲ್ಲಿ ಬೋಧಕರ ಕೈವಾಡ ನಾವು ಸಾಮಾನ್ಯವಾಗಿ ಒಪ್ಪಿಕೊಳ್ಳುವುದಕ್ಕಿಂತ ಹೆಚ್ಚು. ಯಾವುದು ಸಂಶೋಧನೆಗೆ ತಕ್ಕ ವಿಷಯ, ಯಾವುದು ಬರಿಯ ಸ್ಥಳೀಯ ಸಂಗತಿ ಎಂದು ವಿಂಗಡಿಸುವವರು ಅವರೇ. ಭಾರತೀಯ ಕ್ರೈಸ್ತ ಚಿಂತನೆ ಬಹುಕಾಲ ವೇದಾಂತದೊಡನೆ, ಉಪನಿಷತ್ತುಗಳೊಡನೆ ನಡೆಸಿದ ಸಂವಾದವನ್ನೇ ತನ್ನ ಮುಖ್ಯ ಕಾರ್ಯವೆಂದು ತಿಳಿದಿತ್ತು. ಸಭೆಗಳಲ್ಲಿ ಬಹುಸಂಖ್ಯಾತರಾಗಿದ್ದ ದಲಿತರ ಬದುಕು ಆ ಸಂವಾದದಲ್ಲಿ ಕಾಣಲಿಲ್ಲ. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯೋಲಾಜಿಕಲ್ ಕಾಲೇಜಿನಲ್ಲಿ ಬೋಧಕರಾಗಿದ್ದ ಅರವಿಂದ ನಿರ್ಮಲ್ ಶೂದ್ರ ದೈವಶಾಸ್ತ್ರದ ಅಗತ್ಯದ ಬಗ್ಗೆ ಅಲ್ಲಿಯೇ ಮಾಡಿದ ಭಾಷಣದಿಂದ, ಮುಂದೆ ದಲಿತ ದೈವಶಾಸ್ತ್ರವೆಂದು ಹೆಸರಾದ ಚಿಂತನೆಗೆ ದಾರಿಯಾಯಿತು. ಅಲ್ಲಿಂದೀಚೆಗೆ ಬಂದ ಸಂಶೋಧಕರು ಜಾನಪದ ಹಾಡುಗಳನ್ನು, ಕೇರಿಯ ನೆನಪುಗಳನ್ನು, ಬೈಬಲ್ಲನ್ನು ಅಲ್ಲಿ ಓದುವ ಬಗೆಯನ್ನು ಆಕರಗಳೆಂದು ಮಂಡಿಸಲು ಸಾಧ್ಯವಾಯಿತು. ಒಬ್ಬ ಬೋಧಕರು ಒಂದು ಪ್ರಶ್ನೆಯನ್ನು ಪ್ರಶ್ನೆಯೆಂದು ಗುರುತಿಸಿ ಬೇರೆಯವರಿಗೆ ತೆರೆದಿಟ್ಟರೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಇದಕ್ಕೆ ವಿರುದ್ಧವಾದ ಅಭ್ಯಾಸವೂ ಇದೆ: ತಮ್ಮ ಪುಸ್ತಕದ ಮುಂದಿನ ಅಧ್ಯಾಯವನ್ನು ವಿದ್ಯಾರ್ಥಿಗಳ ಕೈಯಲ್ಲಿ ಬರೆಸುವ ಮಾರ್ಗದರ್ಶಕರು. ವಿದ್ಯಾರ್ಥಿ ತನ್ನ ಪ್ರಶ್ನೆಯನ್ನು ಎರಡು ವಾಕ್ಯಗಳಲ್ಲಿ ತನ್ನದೇ ಮಾತಿನಲ್ಲಿ ಹೇಳುವವರೆಗೆ ಪ್ರಸ್ತಾವವನ್ನು ಸಮಿತಿಯ ಮುಂದಿಡದಿರುವುದು ನನ್ನ ಪದ್ಧತಿ, ಅದಕ್ಕೆ ಒಂದು ಇಡೀ ಅವಧಿ ಹೋದರೂ ಸರಿಯೇ.

ಈಚಿನ ವರ್ಷಗಳಲ್ಲಿ ಸಭಾಪಾಲಕರಾಗಿ ದುಡಿಯುತ್ತಲೇ ಸಂಶೋಧನೆ ಮಾಡುವವರು ಹೆಚ್ಚಾಗಿದ್ದಾರೆ. ಡಾಕ್ಟರ್ ಆಫ್ ಮಿನಿಸ್ಟ್ರಿ ಎಂಬ ಪದವಿಯೇ ಅವರಿಗಾಗಿ ರೂಪುಗೊಂಡಿದೆ, ಪಿಎಚ್‌.ಡಿ.ಗೂ ಅಂಥವರು ಬರುತ್ತಾರೆ. ಅವರ ಆಕರ ಬಹಳ ಸಲ ಅವರದೇ ಸಭೆಯ ಜನ: ಮಗುವನ್ನು ಕಳೆದುಕೊಂಡ ತಾಯಂದಿರು ಪ್ರಾರ್ಥನೆಯ ಬಗ್ಗೆ ಏನು ಹೇಳುತ್ತಾರೆ, ಯುವಕರು ಆರಾಧನೆಯಿಂದ ಏಕೆ ದೂರ ಸರಿಯುತ್ತಾರೆ, ಕುಡಿತದಿಂದ ಹೊರಬಂದವರಿಗೆ ಸಭೆ ಏನಾಗಿ ಒದಗಿತು. ಇಲ್ಲಿ ಮಾರ್ಗದರ್ಶಕರ ಎಚ್ಚರ ಎರಡು ಪಟ್ಟು ಬೇಕು. ಪಾದ್ರಿಯವರು ಮನೆಗೆ ಬಂದು ಮಾತಾಡಿ ಎಂದಾಗ ಸಭಿಕರಿಗೆ ಇಲ್ಲವೆನ್ನುವುದು ಕಷ್ಟ. ಸಮ್ಮತಿ ಪತ್ರಕ್ಕೆ ಸಹಿ ಬಿದ್ದಿದೆ ಎಂಬುದರಿಂದ ಸಮ್ಮತಿ ಇತ್ತೆಂದು ಹೇಳಲಾಗದು. ದುಃಖದ ಹೊತ್ತಿನಲ್ಲಿ ಸಭಾಪಾಲಕರಿಗೆ ಹೇಳಿಕೊಂಡದ್ದು ಬೇರೆ, ಸಂಶೋಧಕರಿಗೆ ಹೇಳಿದ್ದು ಬೇರೆ. ಕೇಳಿಸಿಕೊಂಡವರು ಒಬ್ಬರೇ ಆದಾಗ ಈ ಗಡಿಯನ್ನು ಹಾಕಿಕೊಡಬೇಕಾದವರು ಹೊರಗಿನಿಂದ ನೋಡುವ ಮಾರ್ಗದರ್ಶಕರು. ಸಾಧ್ಯವಾದಲ್ಲೆಲ್ಲ ಬೇರೊಬ್ಬರಿಂದ ಸಂದರ್ಶನ ಮಾಡಿಸಬೇಕು, ಅಥವಾ ಸಂಶೋಧಕರು ಸೇವೆ ಸಲ್ಲಿಸದ ಇನ್ನೊಂದು ಸಭೆಯನ್ನು ಆರಿಸಿಕೊಳ್ಳಬೇಕು. ಹೆಸರು ಬದಲಿಸಿದರೂ, ನೂರು ಮನೆಗಳ ಸಭೆಯಲ್ಲಿ ಯಾರ ಮಾತು ಯಾರದೆಂದು ಎಲ್ಲರಿಗೂ ತಿಳಿಯುತ್ತದೆ. ಆದ್ದರಿಂದ ಕೆಲವು ಮಾತುಗಳು, ಎಷ್ಟೇ ಬೆಲೆಯುಳ್ಳವಾದರೂ, ಪ್ರಬಂಧದಿಂದ ಹೊರಗಿರಬೇಕಾಗುತ್ತದೆ. ಇಂಥ ಮಾತನ್ನು ಕೈಬಿಡಿ ಎಂದು ವಿದ್ಯಾರ್ಥಿಗೆ ಹೇಳುವುದು ಮಾರ್ಗದರ್ಶನದಲ್ಲಿ ನನಗೆ ಅತ್ಯಂತ ಕಷ್ಟವೆನಿಸುವ ಕೆಲಸ, ಏಕೆಂದರೆ ಪ್ರಬಂಧದ ಜೀವ ಅಲ್ಲಿಯೇ ಇರುತ್ತದೆಂದು ನನಗೂ ಗೊತ್ತಿರುತ್ತದೆ.

ಅಧ್ಯಾಯಗಳನ್ನು ತಿದ್ದುವ ಬಗ್ಗೆ ಒಂದೆರಡು ಮಾತು ಸಾಕು. ಕಾಗುಣಿತ, ಅಡಿಟಿಪ್ಪಣಿಯ ರೂಪ, ಗ್ರಂಥಋಣದ ಕ್ರಮ ಇವನ್ನು ಕೊನೆಗೆ ನೋಡಿದರೆ ಆಗುತ್ತದೆ. ಮೊದಲ ಓದಿನಲ್ಲಿ ನೋಡಬೇಕಾದದ್ದು ಬೇರೆಯವರ ಮಾತು ಎಲ್ಲಿ ಮುಗಿದು ವಿದ್ಯಾರ್ಥಿಯ ಮಾತು ಎಲ್ಲಿ ಆರಂಭವಾಗುತ್ತದೆ ಎಂಬುದು. ದೈವಶಾಸ್ತ್ರದ ಬರಹಗಳಲ್ಲಿ ಪ್ರಸಂಗದ ಧಾಟಿ ಬಹಳ ಸುಲಭವಾಗಿ ನುಸುಳುತ್ತದೆ. ವಾದ ದುರ್ಬಲವಾದ ಕಡೆಯಲ್ಲೇ ಸಾಮಾನ್ಯವಾಗಿ ಧ್ವನಿ ಏರಿರುತ್ತದೆ, ಆದ್ದರಿಂದ ಅಂಥ ಜಾಗಗಳಿಗೆ ಗುರುತು ಹಾಕಿ ಇಲ್ಲಿ ಆಧಾರವೇನು ಎಂದು ಬರೆಯುತ್ತೇನೆ. ಭೇಟಿಯಲ್ಲಿ ಆಡಿದ ಮಾತನ್ನು ಅಂದೇ ಬರೆದು ಇಬ್ಬರೂ ಇಟ್ಟುಕೊಳ್ಳುವುದು ಒಳ್ಳೆಯದು, ಮುಂದೆ ಯಾರು ಏನು ಹೇಳಿದ್ದರೆಂಬ ಗೊಂದಲ ಇರುವುದಿಲ್ಲ.

ಸೇರುವ ಮೊದಲು ಏನು ಕೇಳಬೇಕೆಂದು ನನ್ನನ್ನು ವಿಚಾರಿಸುವವರಿಗೆ ಹೇಳುವುದಿಷ್ಟು. ಆ ಬೋಧಕರ ಬಳಿ ಈಗ ಎಷ್ಟು ಜನ ಸಂಶೋಧಕರಿದ್ದಾರೆಂದು ಕೇಳಿ. ಅವರ ಶಿಷ್ಯರು ಬರೆದ ಒಂದು ಮಹಾಪ್ರಬಂಧವನ್ನಾದರೂ ಗ್ರಂಥಾಲಯದಲ್ಲಿ ಕುಳಿತು ಓದಿ, ಅದರಲ್ಲಿ ಗುರುವಿನ ಪುಸ್ತಕಗಳನ್ನು ಎಲ್ಲಿಯಾದರೂ ವಿಮರ್ಶಿಸಲಾಗಿದೆಯೇ ಎಂದು ಹುಡುಕಿ. ಮುಗಿಸಿದವರೊಡನೆ ಮಾತಾಡಿ, ನಡುವೆ ಬಿಟ್ಟುಹೋದವರು ಸಿಕ್ಕರೆ ಅವರೊಡನೆಯೂ ಮಾತಾಡಿ. ಪರೀಕ್ಷಕರನ್ನು ಯಾರು ಆರಿಸುತ್ತಾರೆ, ಮೌಖಿಕ ಪರೀಕ್ಷೆಯಲ್ಲಿ ಬೇರೆ ಪರಂಪರೆಯ ವಿದ್ವಾಂಸರು ಇರುತ್ತಾರೆಯೇ ಎಂಬುದನ್ನು ತಿಳಿದುಕೊಳ್ಳಿ. ಒಂದೇ ಸಭೆಯವರು ಕಲಿಸಿ, ಅದೇ ಸಭೆಯವರು ಮಾರ್ಗದರ್ಶನ ಮಾಡಿ, ಅದೇ ಸಭೆಯವರು ಪರೀಕ್ಷಿಸಿದ ಪ್ರಬಂಧ ಆ ವಲಯದ ಆಚೆ ಹೋದಾಗ ಮೊದಲ ಪ್ರಶ್ನೆಗೇ ತತ್ತರಿಸುತ್ತದೆ.

ಪದವಿಯಾದ ಮೇಲೆ ಹೆಚ್ಚಿನವರು ವಿಶ್ವವಿದ್ಯಾಲಯಕ್ಕೆ ಹೋಗುವುದಿಲ್ಲ. ಸಭೆಗೆ, ಬೈಬಲ್ ಶಾಲೆಗೆ, ಸೇವಾ ಸಂಸ್ಥೆಗೆ ಹಿಂತಿರುಗುತ್ತಾರೆ, ಮಹಾಪ್ರಬಂಧ ಗ್ರಂಥಾಲಯದಲ್ಲಿ ಉಳಿಯುತ್ತದೆ. ಜನರೊಡನೆ ಮಾತಾಡಿ ಸಿದ್ಧಪಡಿಸಿದ ಪ್ರಬಂಧಗಳ ವಿಷಯದಲ್ಲಿ ಇದು ನ್ಯಾಯವಲ್ಲ. ಅಂತಿಮ ಪ್ರತಿ ಸಲ್ಲಿಸುವ ಮೊದಲು, ತಾವು ಕಂಡುಕೊಂಡದ್ದರ ಸಾರವನ್ನು ಹತ್ತು ಪುಟಗಳಲ್ಲಿ, ಆ ಜನರ ಭಾಷೆಯಲ್ಲಿ, ಪರಿಭಾಷೆಗಳಿಲ್ಲದೆ ಬರೆದು ಅವರಿಗೆ ಕೊಡಬೇಕೆಂದು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಅವರ ಆಕ್ಷೇಪಗಳನ್ನು ಕೇಳಿಸಿಕೊಂಡು ಅನುಬಂಧದಲ್ಲಿ ಸೇರಿಸಲೂ ಹೇಳುತ್ತೇನೆ. ಹಾಗೆ ಮಾಡಿದವರಲ್ಲಿ ಕೆಲವರಿಗೆ ಮೌಖಿಕ ಪರೀಕ್ಷೆಯ ಅತ್ಯಂತ ಕಠಿಣ ಪ್ರಶ್ನೆಗಳು ಆ ಅನುಬಂಧದಿಂದಲೇ ಬಂದವು, ಮತ್ತು ಅವಕ್ಕೆ ಉತ್ತರ ಕೊಡಲು ಅವರು ಮಿಕ್ಕೆಲ್ಲ ಪ್ರಶ್ನೆಗಳಿಗಿಂತ ಚೆನ್ನಾಗಿ ಸಿದ್ಧರಾಗಿದ್ದ‌ರು.